ಪಿಕಪ್ ಒಂದೇ ಲೆಕ್ಕ ಅಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಮೊನ್ನೆ ಬಂದ ಸ್ಪೋರ್ಟ್ಸ್ ಕಾರುಗಳ ಲೇಖನ ಓದಿದೆ. ಬರೆದವರು ವಿಷಯ ತಿಳಿದವರೇ. ಆದರೆ ಕೊನೆಗೆ ಒಂದು ತೀರ್ಪು ಕೊಟ್ಟುಬಿಟ್ಟಿದ್ದಾರೆ. ಆಟೊಮ್ಯಾಟಿಕ್ ಗೇರ್ ಬಾಕ್ಸು ಮನುಷ್ಯನಿಗಿಂತ ಬೇಗ ಗೇರ್ ಬದಲಿಸುತ್ತದೆ, ಹಾಗಾಗಿ ಕ್ಲಚ್ ತುಳಿದು ಕೈಯಲ್ಲಿ ಗೇರ್ ಹಾಕುವ ಮ್ಯಾನುಯಲ್ ಕತೆ ಮುಗಿಯಿತು, ಇನ್ನೂ ಕ್ಲಚ್ ಬೇಕು ಅನ್ನುವವರು ಹಳೇ ಕಾಲದವರು ಅಂತ. ಮೊದಲನೇ ಮಾತು ನಿಜ. ಎರಡನೆಯದು ನಿಜ ಅಲ್ಲ. ಮೂರನೆಯದಕ್ಕೆ ನಾನು ಉತ್ತರ ಕೊಡಲೇಬೇಕು, ಯಾಕೆಂದರೆ ನಾನು ಹಳೇ ಕಾಲದವನೇ.

ನಾನು ಮೈಸೂರಿನ ಯಾದವಗಿರಿಯ ಜಾವಾ ಬೈಕ್ ಫ್ಯಾಕ್ಟರಿಯಲ್ಲಿ ಎಂಜಿನ್ ಜೋಡಿಸುತ್ತಿದ್ದವನು. 1996ರಲ್ಲಿ ಫ್ಯಾಕ್ಟರಿ ಬಾಗಿಲು ಹಾಕಿದ ಮೇಲೆ ಕಾರುಗಳ ಕಡೆ ತಿರುಗಿಕೊಂಡೆ. ಮಂಡಿ ಮೊಹಲ್ಲಾದಲ್ಲಿ ಒಂದು ಸಣ್ಣ ಗ್ಯಾರೇಜ್. ಕ್ಲಚ್ಚು, ಗೇರ್ ಬಾಕ್ಸ್ ಕೆಲಸವೇ ಜಾಸ್ತಿ. ಈಗ ಮಗ ನೋಡಿಕೊಳ್ಳುತ್ತಾನೆ. ನಾನು ಬೆಳಿಗ್ಗೆ ಹೋಗಿ ಕೂತು, ಪೇಪರ್ ಓದಿ, ಹುಡುಗರನ್ನು ಬೈದು ಊಟಕ್ಕೆ ಮನೆಗೆ ಬರುತ್ತೇನೆ.

ಕ್ಲಚ್ ಇಲ್ಲದೆ ಗೇರ್ ಬದಲಿಸುವುದನ್ನು ಕಂಡರೆ ನನಗೆ ಆಗಲ್ಲ ಅಂತ ಯಾರೂ ಅಂದುಕೊಳ್ಳಬೇಡಿ. ಆ ಕೆಲಸವನ್ನು ನಮ್ಮ ಮೈಸೂರಿನ ಗಾಡಿ ಅರವತ್ತರ ದಶಕದಲ್ಲೇ ಮಾಡುತ್ತಿತ್ತು. ಜಾವಾ, ಆಮೇಲೆ ಯೆಜ್ಡಿ ಓಡಿಸಿದವರಿಗೆ ಇದು ಹೊಸದಲ್ಲ. ಅದರಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ವಾಪಸ್ ಜಾಗಕ್ಕೆ ಬಿಟ್ಟರೆ ಗೇರ್ ಲಿವರ್. ಇದನ್ನು ನೋಡಿ ಎಲ್ಲರೂ ಬೆರಗಾಗುತ್ತಿದ್ದರು. ನಿಜವಾದ ಜಾಣತನ ಕವರ್ ಒಳಗಿತ್ತು. ಕಾಲಿನಿಂದ ಲಿವರ್ ಅಲುಗಿಸಿದ ಕೂಡಲೇ, ಗೇರ್ ಬೀಳುವುದಕ್ಕೆ ಮುಂಚೆಯೇ, ಒಳಗಿನ ಒಂದು ಕ್ಯಾಮ್ ಕ್ಲಚ್ಚಿನ ಪುಶ್ ರಾಡನ್ನು ತಳ್ಳುತ್ತಿತ್ತು. ಕ್ಲಚ್ ಪ್ಲೇಟುಗಳು ಬಿಟ್ಟುಕೊಳ್ಳುತ್ತಿದ್ದವು, ಅಂದರೆ ಎಂಜಿನ್ನಿಗೂ ಗೇರಿಗೂ ನಡುವಿನ ಹಿಡಿತ ತಪ್ಪುತ್ತಿತ್ತು. ಗೇರ್ ಬಿದ್ದ ಮೇಲೆ ಕಾಲು ಸಡಿಲ ಮಾಡಿದರೆ ಮತ್ತೆ ಹಿಡಿದುಕೊಳ್ಳುತ್ತಿದ್ದವು. ಹೊರಡುವಾಗ ಕೈ ಕ್ಲಚ್ ಬೇಕು. ಓಡುವಾಗ ಮುಟ್ಟುವ ಅಗತ್ಯವೇ ಇಲ್ಲ.

ಅದರ ಅಡ್ಜಸ್ಟ್‌ಮೆಂಟ್ ಮಾತ್ರ ಬಹಳ ನಾಜೂಕು. ಪುಶ್ ರಾಡಿಗೆ ಒಂದು ಚೂರು ಪ್ಲೇ ಬಿಡಬೇಕು. ಜಾಸ್ತಿ ಬಿಟ್ಟರೆ ಕ್ಲಚ್ ಪೂರ್ತಿ ಬಿಡಲ್ಲ, ಗೇರ್ ಹಾಕುವಾಗ ಕಟಕ್ ಅನ್ನುತ್ತದೆ, ನಿಂತಾಗ ನ್ಯೂಟ್ರಲ್ ಸಿಗಲ್ಲ. ಕಮ್ಮಿ ಬಿಟ್ಟರೆ ಪ್ಲೇಟು ಪೂರ್ತಿ ಹಿಡಿಯಲ್ಲ, ಬೆಟ್ಟ ಹತ್ತುವಾಗ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗಲ್ಲ. ಸ್ಕ್ರೂಡ್ರೈವರ್ ತಿರುಗಿಸುತ್ತಾ ಎಲ್ಲಿ ನಿಲ್ಲಿಸಬೇಕು ಅನ್ನುವುದು ಬೆರಳಿಗೆ ಗೊತ್ತಾಗಬೇಕು. ನಮ್ಮ ಮೇಸ್ತ್ರಿ ಅದನ್ನು ಬಾಯಲ್ಲಿ ಹೇಳಿಕೊಟ್ಟವರಲ್ಲ. ನಮ್ಮ ಕೈ ಮೇಲೆ ಅವರ ಕೈ ಇಟ್ಟು ತಿರುಗಿಸುತ್ತಿದ್ದರು.

ಇದೇ ಯೋಚನೆಯನ್ನು ಪೋರ್ಷೆಯವರು 1967ರಲ್ಲಿ 911 ಕಾರಿಗೆ ತಂದರು. ಸ್ಪೋರ್ಟೊಮ್ಯಾಟಿಕ್ ಅಂತ ಹೆಸರು. ಗೇರ್ ಲಿವರ್ ಇತ್ತು, ಕ್ಲಚ್ ಪೆಡಲ್ ಇರಲಿಲ್ಲ. ಲಿವರ್ ಮೇಲೆ ಕೈ ಇಟ್ಟರೆ ಸಾಕು, ಒಂದು ಸ್ವಿಚ್ ಒತ್ತಿಕೊಂಡು ವ್ಯಾಕ್ಯೂಮ್ ಬಲದಿಂದ ಕ್ಲಚ್ ಬಿಡುತ್ತಿತ್ತು. ನಮ್ಮಲ್ಲಿ ಕಾಲು ಮಾಡುತ್ತಿದ್ದ ಕೆಲಸ ಅಲ್ಲಿ ಕೈ ಮಾಡುತ್ತಿತ್ತು, ಅಷ್ಟೇ. ಹಾಗಾಗಿ ಯಂತ್ರ ನಮ್ಮ ಕೆಲಸ ಹಗುರ ಮಾಡಿದರೆ ನನಗೇನೂ ಹೊಟ್ಟೆಯುರಿ ಇಲ್ಲ.

ಈಗ ವೇಗದ ವಿಷಯ. ಲೇಖಕರು ಹೇಳಿದ್ದಕ್ಕಿಂತ ಜಾಸ್ತಿಯೇ ನಾನು ಒಪ್ಪುತ್ತೇನೆ. 1989ರಲ್ಲಿ ಫಾರ್ಮುಲಾ ಒನ್ ರೇಸಿಗೆ ಫೆರಾರಿ 640 ಕಾರು ಬಂತು. ಜಾನ್ ಬರ್ನಾರ್ಡ್ ಅದರ ವಿನ್ಯಾಸಕಾರ. ಸ್ಟೀರಿಂಗ್ ಹಿಂದೆ ಬೆರಳಿನಿಂದ ಒತ್ತುವ ಎರಡು ಪಟ್ಟಿ, ಅದಕ್ಕೆ ಪ್ಯಾಡಲ್ ಅಂತ ಹೆಸರು, ಗೇರ್ ಬದಲಿಸುವುದು ಹೈಡ್ರಾಲಿಕ್ಸ್, ಅಂದರೆ ಎಣ್ಣೆಯ ಒತ್ತಡ. ಆ ಬಾಕ್ಸು ರೇಸ್ ಮುಗಿಯುವ ತನಕ ಉಳಿಯುತ್ತದೆ ಅಂತ ಟೀಮಿನವರಿಗೇ ನಂಬಿಕೆ ಇರಲಿಲ್ಲ. ಬ್ರೆಜಿಲ್‌ನ ಮೊದಲ ರೇಸಿನಲ್ಲೇ ನೈಜೆಲ್ ಮ್ಯಾನ್ಸೆಲ್ ಗೆದ್ದುಬಿಟ್ಟರು. ಆ ವರ್ಷ ಅದೇ ಕಾರು ಎಷ್ಟೋ ರೇಸಿನಲ್ಲಿ ಅರ್ಧ ದಾರಿಗೆ ಕೆಟ್ಟು ನಿಂತಿತು, ಅದು ಬೇರೆ ಮಾತು. ಆದರೆ ದಾರಿ ತೆರೆಯಿತು. ಕೆಲವೇ ವರ್ಷಗಳಲ್ಲಿ ಫಾರ್ಮುಲಾ ಒನ್‌ನಿಂದ ಕ್ಲಚ್ ತುಳಿದು ಗೇರ್ ಹಾಕುವುದು ಹೊರಟೇ ಹೋಯಿತು. 1997ರಲ್ಲಿ ಫೆರಾರಿ 355 ಎಫ್1 ಮೂಲಕ ಆ ಪ್ಯಾಡಲ್ ರಸ್ತೆ ಕಾರಿಗೂ ಬಂತು.

ಮೊದಮೊದಲು ಬಂದ ಆ ಬಾಕ್ಸುಗಳು ನಿಜ ಹೇಳಬೇಕೆಂದರೆ ಒರಟು. ಒಳಗೆ ಮಾಮೂಲಿ ಮ್ಯಾನುಯಲ್ ಬಾಕ್ಸೇ, ಒಂದೇ ಕ್ಲಚ್ಚು, ನಮ್ಮ ಕಾಲಿನ ಬದಲು ಒಂದು ಪಂಪು. ನಿಧಾನಕ್ಕೆ ಹೋಗುವಾಗ ತಲೆ ಮುಂದೆ ಹಿಂದೆ ಆಡುತ್ತಿತ್ತು. ಆಟದ ನಿಯಮವನ್ನೇ ಬದಲಿಸಿದ್ದು ಎರಡು ಕ್ಲಚ್ಚಿನ ಬಾಕ್ಸು, ಅಂದರೆ ಡ್ಯುಯಲ್ ಕ್ಲಚ್. ಅದರ ಒಳಗೆ ಏನಾಗುತ್ತದೆ ಅಂತ ನಿಮ್ಮ ಲೇಖನದಲ್ಲಿ ಇರಲಿಲ್ಲ, ನಾನು ಹೇಳುತ್ತೇನೆ. ಒಂದು, ಮೂರು, ಐದನೇ ಗೇರು ಒಂದು ಶಾಫ್ಟಿಗೆ. ಎರಡು, ನಾಲ್ಕು, ಆರು ಇನ್ನೊಂದು ಶಾಫ್ಟಿಗೆ. ಒಂದೊಂದು ಶಾಫ್ಟಿಗೆ ಒಂದೊಂದು ಕ್ಲಚ್ಚು. ನೀವು ಮೂರನೇ ಗೇರಿನಲ್ಲಿ ಎಳೆಯುತ್ತಿರುವಾಗಲೇ ನಾಲ್ಕನೇ ಗೇರು ಆ ಕಡೆ ಬಿದ್ದು ಸಿದ್ಧವಾಗಿರುತ್ತದೆ. ಪ್ಯಾಡಲ್ ಒತ್ತಿದಾಗ ಗೇರ್ ಬದಲಾಗುವುದಿಲ್ಲ, ಅದು ಆಗಲೇ ಬದಲಾಗಿದೆ. ಈ ಕ್ಲಚ್ ಬಿಡುತ್ತಾ ಆ ಕ್ಲಚ್ ಹಿಡಿದುಕೊಳ್ಳುತ್ತದೆ, ಅಷ್ಟೇ. ನಡುವೆ ಎಳೆತ ಕಡಿಯುವುದೇ ಇಲ್ಲ. ಈ ಯೋಚನೆ ಹೊಸದಲ್ಲ, 1939ರ ಸುಮಾರಿನಲ್ಲೇ ಅಡಾಲ್ಫ್ ಕೆಗ್ರೆಸ್ ಅನ್ನುವ ಫ್ರೆಂಚ್ ಎಂಜಿನಿಯರ್‌ಗೆ ಹೊಳೆದಿತ್ತು. ಪೋರ್ಷೆಯವರು ಎಂಬತ್ತರ ದಶಕದಲ್ಲಿ 956, 962 ರೇಸ್ ಕಾರುಗಳಲ್ಲಿ ಹಾಕಿ ನೋಡಿದರು. ಆದರೆ ಅದನ್ನು ಆಳುವಷ್ಟು ಚುರುಕಾದ ಕಂಪ್ಯೂಟರ್ ಆಗ ಇರಲಿಲ್ಲ. ಮಾಮೂಲಿ ಗಿರಾಕಿ ಕೊಳ್ಳುವ ಕಾರಿಗೆ ಮೊದಲು ಬಂದದ್ದು 2003ರಲ್ಲಿ, ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್32ನಲ್ಲಿ. 911ಕ್ಕೆ ಬರಲು 2008 ಆಯಿತು.

ಇದರ ಮುಂದೆ ಮನುಷ್ಯನ ಕಾಲು ಸೋಲಲೇಬೇಕು. ಈಗಿನ ತಲೆಮಾರಿನ ಪೋರ್ಷೆ 911 ಜಿಟಿ3 ನೋಡಿ. ಅದೇ ಎಂಜಿನ್, 510 ಎಚ್‌ಪಿ. ಡ್ಯುಯಲ್ ಕ್ಲಚ್ ಇದ್ದರೆ 100 ಕಿ.ಮೀ. ವೇಗಕ್ಕೆ 3.4 ಸೆಕೆಂಡು, ಮ್ಯಾನುಯಲ್ ಇದ್ದರೆ 3.9 ಸೆಕೆಂಡು. ಕಂಪನಿಯೇ ಕೊಟ್ಟ ಲೆಕ್ಕ. ಮ್ಯಾನುಯಲ್ ಕಾರು 17 ಕೆ.ಜಿ. ಹಗುರ ಇದ್ದರೂ ಅರ್ಧ ಸೆಕೆಂಡು ಹಿಂದೆ.

ಸರಿ. ಆ ಅರ್ಧ ಸೆಕೆಂಡನ್ನು ಎಲ್ಲಿ ಇಟ್ಟುಕೊಳ್ಳುವುದು?

ನಮ್ಮ ಮೈಸೂರು–ಬೆಂಗಳೂರು ಹೆದ್ದಾರಿ 2023ರ ಮಾರ್ಚಿನಲ್ಲಿ ಉದ್ಘಾಟನೆ ಆಯಿತು. ಅಲ್ಲಿ ವೇಗದ ಮಿತಿ ಗಂಟೆಗೆ 100. ಮೇಲೆ ಕ್ಯಾಮೆರಾ ಇದೆ. (ಅದೇ ವರ್ಷ ಆಗಸ್ಟ್‌ನಿಂದ ಬೈಕುಗಳಿಗೆ ಪ್ರವೇಶವೇ ಇಲ್ಲ. ಮೈಸೂರಲ್ಲಿ ಹುಟ್ಟಿದ ಯೆಜ್ಡಿ ಮಂಡ್ಯಕ್ಕೆ ಹೋಗಬೇಕಾದರೆ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.) ಜಿಟಿ3ಯಂಥ ಕಾರು ಎರಡನೇ ಗೇರ್ ಮುಗಿಯುವುದರೊಳಗೆ 100 ದಾಟಿರುತ್ತದೆ. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿ.ಮೀ. ಕಾನೂನು ಪ್ರಕಾರ ಹೋದರೆ ಯಾವ ಕಾರಾದರೂ 27 ನಿಮಿಷ. ಆ 27 ನಿಮಿಷದಲ್ಲಿ ಅರ್ಧ ಸೆಕೆಂಡು ಉಳಿಸಿದ್ದಕ್ಕೆ ಒಂದು ಬಾಕ್ಸು ಗೆದ್ದಿತು, ಇನ್ನೊಂದು ಸತ್ತಿತು ಅಂತ ಬರೆಯುವುದು ನನಗೆ ಅರ್ಥ ಆಗಲ್ಲ. ರೇಸ್ ಟ್ರ್ಯಾಕಿನಲ್ಲಿ ಅದು ದೊಡ್ಡ ವಿಷಯ. ಅಲ್ಲಿ ಸ್ಟಾಪ್‌ವಾಚೇ ದೇವರು. ರಸ್ತೆಯಲ್ಲಿ ಆ ಅಂಕಿ ಟೀ ಅಂಗಡಿ ಮುಂದೆ ಹೇಳಿಕೊಳ್ಳುವುದಕ್ಕೆ ಮಾತ್ರ ಬರುತ್ತದೆ.

ನನ್ನ ಗಿರಾಕಿಯೊಬ್ಬರ ಅಳಿಯ ಬೆಂಗಳೂರಿನವರು. ಅವರ ಹತ್ತಿರ ಡ್ಯುಯಲ್ ಕ್ಲಚ್ಚಿನ ಒಂದು ಸ್ಪೋರ್ಟ್ಸ್ ಕಾರು ಇದೆ. ಹಬ್ಬಕ್ಕೆ ಬಂದಿದ್ದಾಗ ನನ್ನನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೋದರು. ಕಾರು ಅದ್ಭುತ, ಎರಡು ಮಾತಿಲ್ಲ. ಸೀಟು ಬೆನ್ನನ್ನು ಒತ್ತುತ್ತದೆ, ಗೇರ್ ಬಿದ್ದದ್ದು ಶಬ್ದದಲ್ಲಿ ಮಾತ್ರ ಗೊತ್ತಾಗುತ್ತದೆ. ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಒಂದು ಸಲವೂ ಪ್ಯಾಡಲ್ ಮುಟ್ಟಲಿಲ್ಲ. ಕೇಳಿದೆ.

"ಯಜಮಾನ್ರೇ, ಹೊಸದರಲ್ಲಿ ಒತ್ತುತ್ತಿದ್ದೆ. ಈಗ ಬಿಟ್ಟುಬಿಟ್ಟೆ. ನನಗಿಂತ ಅದಕ್ಕೇ ಚೆನ್ನಾಗಿ ಗೊತ್ತು" ಅಂದರು.

ಅವರು ಹೇಳಿದ್ದು ಸತ್ಯ. ಅದಕ್ಕೇ ಚೆನ್ನಾಗಿ ಗೊತ್ತು. ಆದರೆ ಒಂದೂವರೆ ಕೋಟಿ ಕೊಟ್ಟು, ಕೆಲಸವನ್ನು ಕಾರಿಗೆ ಬಿಟ್ಟು, ಇವರು ಬರೀ ಸ್ಟೀರಿಂಗ್ ತಿರುಗಿಸುತ್ತಾ ಕೂತಿದ್ದರು. ಬೆಟ್ಟದ ತಿರುವುಗಳಲ್ಲಿ 40ಕ್ಕಿಂತ ಜಾಸ್ತಿ ಹೋಗಲೂ ಬಾರದು, ಬಸ್ಸು ಬರುತ್ತದೆ, ಕೋತಿ ಅಡ್ಡ ಬರುತ್ತದೆ. ಆ ವೇಗದಲ್ಲಿ ಆ ಕಾರಿಗೆ ಅದು ಕೆಲಸವೇ ಅಲ್ಲ. ಮೇಲೆ ಹೋಗಿ ಇಳಿದಾಗ ಅವರು ಫೋನ್ ನೋಡುತ್ತಿದ್ದರು.

ಇದೇ ರಸ್ತೆಯಲ್ಲಿ ನಾನು ಒಂದು ಹಳೇ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಓಡಿಸಿದ್ದೇನೆ. 2004ರಲ್ಲಿ ನಮ್ಮ ದೇಶಕ್ಕೆ ಬಂದ ಕಾರು. 1.8 ಲೀಟರ್ ಟರ್ಬೊ, 150 ಎಚ್‌ಪಿ, ಐದು ಗೇರಿನ ಮ್ಯಾನುಯಲ್. ಕ್ಲಚ್ ಸೆಟ್ ಬದಲಿಸಿ, ಟ್ರಯಲ್ ನೋಡಲು ಬೆಟ್ಟಕ್ಕೆ ತೆಗೆದುಕೊಂಡು ಹೋದೆ. ಹೊಸ ಕ್ಲಚ್ ಸರಿಯಾಗಿ ಹಿಡಿಯುತ್ತದೋ ಇಲ್ಲವೋ ಅನ್ನುವುದು ಏರಿನಲ್ಲೇ ಗೊತ್ತಾಗೋದು. ಇಳಿದು ಬರುವಾಗ ನಂದಿಯ ಹತ್ತಿರದ ತಿರುವು. ಬಲಗಾಲಿನ ಹೆಬ್ಬೆರಳ ಬುಡ ಬ್ರೇಕಿನ ಮೇಲೆ. ಎಡಗಾಲು ಕ್ಲಚ್ ತುಳಿಯಿತು. ಮೂರರಿಂದ ನ್ಯೂಟ್ರಲ್. ಬ್ರೇಕ್ ಬಿಡದೆ ಅದೇ ಬಲಗಾಲಿನ ಅಂಚಿನಿಂದ ಆಕ್ಸಿಲರೇಟರ್‌ಗೆ ಒಂದು ಸಣ್ಣ ತಟ್ಟು. ಎಂಜಿನ್ 'ವ್ರೂಂ' ಅಂತ ಒಂದು ಸಲ ಎದ್ದಿತು. ಎದ್ದ ಆ ಕ್ಷಣದಲ್ಲೇ ಎರಡನೇ ಗೇರು, ಕ್ಲಚ್ ಬಿಟ್ಟೆ. ಕಾರು ಒಂದಿಷ್ಟೂ ಜಗ್ಗಲಿಲ್ಲ. ಕಾಲು ಒಂದು ಚೂರು ತಡ ಮಾಡಿದ್ದರೆ ಮುಗ್ಗರಿಸುತ್ತಿತ್ತು. ಎಲ್ಲಾ ಸೇರಿ ಒಂದು ಸೆಕೆಂಡು ಇರಬಹುದು, ವೇಗ 30–35. ಮಗ ಪಕ್ಕದಲ್ಲಿದ್ದ. "ಅಪ್ಪಾ, ಇನ್ನೊಂದ್ಸಲ ಮಾಡು" ಅಂದ. ಅವನಿಗೆ ಆಗಲೇ ಮಕ್ಕಳಿದ್ದವು ಸಾರ್.

ಆ ಕಂಪ್ಯೂಟರ್ ಬಾಕ್ಸು ಈ ತಟ್ಟನ್ನು ನನಗಿಂತ ನೂರು ಪಾಲು ಚೆನ್ನಾಗಿ ಹಾಕುತ್ತದೆ. ಪ್ರತಿ ಸಲವೂ ಹಾಕುತ್ತದೆ. ಅದರಲ್ಲಿ ನನಗೆ ಸಿಗುವುದು ಏನು? ಸ್ಪೋರ್ಟ್ಸ್ ಕಾರು ಅನ್ನುವುದು ಊರಿಂದ ಊರಿಗೆ ಹೋಗುವುದಕ್ಕೆ ಕೊಳ್ಳುವ ವಸ್ತು ಅಲ್ಲ. ಅದಕ್ಕೆ ಬಸ್ಸಿದೆ, ರೈಲಿದೆ. ಓಡಿಸುವ ಖುಷಿಗೆ ಅಂತಲೇ ಕೊಳ್ಳುವ ಕಾರಿನಲ್ಲಿ ಓಡಿಸುವ ಕೆಲಸವನ್ನೇ ತೆಗೆದುಬಿಟ್ಟರೆ ಹೇಗೆ?

ಇದು ನನ್ನೊಬ್ಬನ ಹಳೇ ತಲೆಯ ಯೋಚನೆ ಅಂದುಕೊಂಡರೆ, ಕಂಪನಿಗಳೇ ಏನು ಮಾಡಿದವು ನೋಡಿ. 2013ರಲ್ಲಿ ಪೋರ್ಷೆ ಜಿಟಿ3ಯಿಂದ ಮ್ಯಾನುಯಲ್ ತೆಗೆದುಹಾಕಿತು. ಗಿರಾಕಿಗಳು ಗಲಾಟೆ ಮಾಡಿದರು. 2016ರಲ್ಲಿ ಅದೇ ಕಂಪನಿ 911 ಆರ್ ಅಂತ ಮ್ಯಾನುಯಲ್ ಮಾತ್ರ ಇರುವ ಕಾರು ತಂದಿತು, ಒಟ್ಟು ಮಾಡಿದ್ದೇ 991 ಕಾರು. ಸಿಕ್ಕವರು ಸಿಗದವರಿಗೆ ಕೊಟ್ಟ ಬೆಲೆಗಿಂತ ಎಷ್ಟೋ ಜಾಸ್ತಿಗೆ ಮಾರಿದರು. 2017ರಲ್ಲಿ ಜಿಟಿ3ಗೂ ಮ್ಯಾನುಯಲ್ ವಾಪಸ್ ಬಂತು. ಟೊಯೊಟಾ 2019ರಲ್ಲಿ ಹೊಸ ಸುಪ್ರಾವನ್ನು ಬರೀ ಆಟೊಮ್ಯಾಟಿಕ್‌ನಲ್ಲಿ ತಂದು, 2022ರಲ್ಲಿ ಆರು ಗೇರಿನ ಮ್ಯಾನುಯಲ್ ಸೇರಿಸಿತು. ಮೆಕ್ಲಾರೆನ್ ಎಫ್1 ಮಾಡಿದ ಗಾರ್ಡನ್ ಮರ್ರಿ ಗೊತ್ತಲ್ವಾ? ಅವರ ಟಿ.50 ಕಾರಿನ ವಿ12 ಎಂಜಿನ್ 12,100 ಆರ್‌ಪಿಎಂ ತನಕ ತಿರುಗುತ್ತದೆ, ತೂಕ 1000 ಕೆ.ಜಿ. ಒಳಗೆ. ಅದಕ್ಕೆ ಹಾಕಿದ್ದು ಆರು ಗೇರಿನ ಮ್ಯಾನುಯಲ್. ಫಾರ್ಮುಲಾ ಒನ್ ಕಾರು ಮಾಡಿ ಗೆದ್ದ ಮನುಷ್ಯನಿಗೆ ಪ್ಯಾಡಲ್ ಹಾಕಲು ಬರುತ್ತಿರಲಿಲ್ಲ ಅಂತೀರಾ? ಸ್ವೀಡನ್ನಿನ ಕೋನಿಗ್‌ಸೆಗ್‌ನವರಂತೂ ಸಿಸಿ850ಯಲ್ಲಿ ಒಂದೇ ಬಾಕ್ಸನ್ನು ಎರಡೂ ಮಾಡಿಟ್ಟಿದ್ದಾರೆ. ಬೇಕಾದರೆ ಒಂಬತ್ತು ಗೇರಿನ ಆಟೊಮ್ಯಾಟಿಕ್, ಬೇಕಾದರೆ ಕ್ಲಚ್ ತುಳಿದು ಆರು ಗೇರಿನ ಮ್ಯಾನುಯಲ್. ಆ ಬಾಕ್ಸನ್ನು ಒಂದು ಸಲ ಬಿಚ್ಚಿ ನೋಡುವ ಆಸೆ ನನಗಿದೆ. ಕೈಗೆ ಕೊಡುವವರು ಯಾರು?

ಎಲ್ಲರೂ ವಾಪಸ್ ಬಂದರು ಅಂತ ನಾನು ಹೇಳುತ್ತಿಲ್ಲ. ಫೆರಾರಿಯವರು ಕ್ಯಾಲಿಫೋರ್ನಿಯಾ ಕಾರಿನ ನಂತರ ಕ್ಲಚ್ ಪೆಡಲ್ ಬಿಟ್ಟರು. ಲ್ಯಾಂಬೊರ್ಗಿನಿಯಲ್ಲಿ ಗಲ್ಲಾರ್ಡೊವೇ ಕೊನೆ. ಅಮೆರಿಕದ ಕಾರ್ವೆಟ್ ಈಗ ಡ್ಯುಯಲ್ ಕ್ಲಚ್ ಮಾತ್ರ. ನಿಸ್ಸಾನ್ ಜಿಟಿ-ಆರ್ 2007ರಲ್ಲಿ ಬಂದಾಗಿನಿಂದ 2025ರಲ್ಲಿ ನಿಲ್ಲುವ ತನಕ ಹಾಗೇ ಇತ್ತು. ಆದರೆ ಹಳೇ ಫೆರಾರಿಗಳಲ್ಲಿ ಅದೇ ಮಾಡೆಲ್, ಮ್ಯಾನುಯಲ್ ಇದ್ದದ್ದಕ್ಕೆ ಪ್ಯಾಡಲ್ ಇದ್ದದ್ದಕ್ಕಿಂತ ಈಗ ಬಹಳ ಜಾಸ್ತಿ ಬೆಲೆ. ಸತ್ತ ವಸ್ತುವಿಗೆ ಯಾರಾದರೂ ಜಾಸ್ತಿ ದುಡ್ಡು ಕೊಡುತ್ತಾರಾ? ಎಲೆಕ್ಟ್ರಿಕ್ ಕಾರಿಗೆ ಗೇರ್ ಬೇಕಾಗಿಯೇ ಇಲ್ಲ. ಆದರೂ ಹ್ಯುಂಡೈ 2023ರಲ್ಲಿ ಐಯಾನಿಕ್ 5 ಎನ್ ಅನ್ನುವ ಎಲೆಕ್ಟ್ರಿಕ್ ಕಾರಿಗೆ ಸುಳ್ಳು ಗೇರು, ಸುಳ್ಳು ಎಂಜಿನ್ ಶಬ್ದ, ಗೇರ್ ಬದಲಾದಾಗ ಸುಳ್ಳು ಜಗ್ಗಾಟ ಎಲ್ಲಾ ಹಾಕಿದೆ. ನನಗೆ ನಗು ಬಂತು. ಆದರೆ ಗಿರಾಕಿ ಏನು ಕೇಳುತ್ತಿದ್ದಾನೆ ಅನ್ನುವುದು ಅವರಿಗೆ ಅರ್ಥ ಆಗಿದೆ. (ಅಂದಹಾಗೆ, ಮ್ಯಾನುಯಲ್ ಸತ್ತಿತು ಅನ್ನುವ ನಿಮ್ಮ ಲೇಖನದ ಜೊತೆ ಹಾಕಿದ್ದ ಫೋಟೋ ಆರು ಗೇರಿನ ಮ್ಯಾನುಯಲ್ ಲಿವರ್‌ದು. ಪ್ಯಾಡಲ್ ಅಷ್ಟು ಚೆಂದ ಕಾಣಲ್ಲ ಅಂತ ಇರಬೇಕು.)

ಮ್ಯಾನುಯಲ್‌ನ ಕೆಟ್ಟ ಗುಣವನ್ನೂ ಹೇಳಲೇಬೇಕು. ಸ್ಪೋರ್ಟ್ಸ್ ಕಾರಿನಲ್ಲಿ ಅದು ಸಣ್ಣದಲ್ಲ. ಒಬ್ಬ ಹುಡುಗ ಪೂರ್ತಿ ಎಳೆದುಕೊಂಡು ಹೋಗುವಾಗ ಮೂರರಿಂದ ನಾಲ್ಕಕ್ಕೆ ಹಾಕಬೇಕಾದವನು ಗಡಿಬಿಡಿಯಲ್ಲಿ ಎರಡಕ್ಕೆ ಎಳೆದುಬಿಟ್ಟಿದ್ದ. ಎಂಜಿನ್ನಿಗೆ ಲಿಮಿಟರ್ ಇರುತ್ತದಲ್ಲ ಅಂತ ಕೇಳಬಹುದು. ಇರುತ್ತದೆ, ಆದರೆ ಅದು ಪೆಟ್ರೋಲ್ ನಿಲ್ಲಿಸಬಹುದು ಅಷ್ಟೇ. ಇಲ್ಲಿ ಎಂಜಿನ್ನನ್ನು ತಿರುಗಿಸುತ್ತಿರುವುದು ಪೆಟ್ರೋಲ್ ಅಲ್ಲ, ಚಕ್ರ. ಚಕ್ರ ಓಡುತ್ತಲೇ ಇದೆ, ಚಿಕ್ಕ ಗೇರು ಬಿದ್ದಿದೆ, ಎಂಜಿನ್ ತಡೆಯಲಾರದಷ್ಟು ತಿರುಗಿಬಿಡುತ್ತದೆ. ವಾಲ್ವಿನ ಸ್ಪ್ರಿಂಗಿಗೆ ಅಷ್ಟು ಬೇಗ ವಾಲ್ವ್ ಮುಚ್ಚಲು ಆಗಲ್ಲ. ಪಿಸ್ಟನ್ ಬಂದು ಹೊಡೆಯುತ್ತದೆ. ಹೆಡ್ ಬಿಚ್ಚಿದಾಗ ಪಿಸ್ಟನ್ ತಲೆಯ ಮೇಲೆ ಅರ್ಧಚಂದ್ರದ ಗುರುತುಗಳು, ಬಾಗಿದ ವಾಲ್ವುಗಳು ಸಾಲಾಗಿ. ಹುಡುಗ ಗ್ಯಾರೇಜಿನಲ್ಲಿ ನಿಂತುಕೊಂಡು ಅವನ್ನು ಎಣಿಸುತ್ತಿದ್ದ. ಡ್ಯುಯಲ್ ಕ್ಲಚ್ ಕಾರಾಗಿದ್ದರೆ ಆ ಗೇರನ್ನು ಕಂಪ್ಯೂಟರ್ ಕೊಡುತ್ತಲೇ ಇರಲಿಲ್ಲ. ಇದು ಆಟೊಮ್ಯಾಟಿಕ್ ಪರವಾದ ಒಳ್ಳೇ ವಾದ. ವಿಚಿತ್ರ ಅಂದರೆ ನಿಮ್ಮ ಲೇಖನದಲ್ಲಿ ಇದು ಇರಲಿಲ್ಲ, ಪಿಕಪ್ ಅಂಕಿ ಮಾತ್ರ ಇತ್ತು.

ಇದರ ಇನ್ನೊಂದು ಮುಖ ನನಗೆ ಹೆದರಿಕೆ ಹುಟ್ಟಿಸುತ್ತದೆ. ಮ್ಯಾನುಯಲ್ ಸ್ಪೋರ್ಟ್ಸ್ ಕಾರು ಹೊಸಬನಿಗೆ ಸುಲಭಕ್ಕೆ ಬಗ್ಗಲ್ಲ. ಕ್ಲಚ್ ಗಟ್ಟಿ, ಆಫ್ ಆಗುತ್ತದೆ, ಮಾನ ಹೋಗುತ್ತದೆ. ನಿಧಾನಕ್ಕೆ ಕಲಿಯುತ್ತಾನೆ. ಆಟೊಮ್ಯಾಟಿಕ್‌ನಲ್ಲಿ 500 ಎಚ್‌ಪಿ ಆದರೂ ಡಿಗೆ ಹಾಕಿ ಕಾಲು ಒತ್ತಿದರೆ ಆಯಿತು. ನಮ್ಮ ದೇಶದಲ್ಲಿ ಬೈಕಿಗೆ ಗೇರ್ ಇರುವುದಕ್ಕೆ ಒಂದು ಲೈಸೆನ್ಸ್, ಇಲ್ಲದ್ದಕ್ಕೆ ಇನ್ನೊಂದು. ಕಾರಿಗೆ ಆ ಭೇದ ಇಲ್ಲ, ಎಚ್‌ಪಿಯ ಲೆಕ್ಕವೂ ಇಲ್ಲ. ಸಣ್ಣ ಕಾರಿನಲ್ಲಿ ಟೆಸ್ಟ್ ಪಾಸಾದವನು ಮಾರನೇ ದಿನ ರಾತ್ರಿ ರಿಂಗ್ ರೋಡಿನಲ್ಲಿ ಅಪ್ಪನ ಕಾರು ತೆಗೆದುಕೊಂಡು 150 ಹೊಡೆಯಬಹುದು. ರಿಂಗ್ ರೋಡ್ ಪಕ್ಕ ಮನೆ ಇರುವವರನ್ನು ಕೇಳಿ, ಶನಿವಾರ ರಾತ್ರಿ ಏನೇನು ಶಬ್ದ ಬರುತ್ತದೆ ಅಂತ ಹೇಳುತ್ತಾರೆ.

ನನಗೆ ಸಿಟ್ಟು ಬರುವುದು ಇಲ್ಲಿ. ನಮ್ಮಲ್ಲಿ ಎಲ್ಲಾ ತಿರುಗುಮುರುಗು. ಎಲ್ಲಿ ಆಟೊಮ್ಯಾಟಿಕ್ ನಿಜವಾಗಿ ಬೇಕೋ ಅಲ್ಲಿ ಜನ ಬೇಡ ಅನ್ನುತ್ತಾರೆ. ದೇವರಾಜ ಅರಸು ರಸ್ತೆಯಲ್ಲಿ ಸಂಜೆ ಆರು ಗಂಟೆಗೆ ಕಾರು ಓಡಿಸಿ ನೋಡಿ. ಒಂದು, ಕ್ಲಚ್, ನ್ಯೂಟ್ರಲ್, ಒಂದು, ಕ್ಲಚ್. ಅದರಲ್ಲಿ ಯಾವ ಕಲೆಯೂ ಇಲ್ಲ, ಬರೀ ಮಂಡಿ ನೋವು. ಸರಸ್ವತಿಪುರಂನ ಟೀಚರೊಬ್ಬರು ಎಡ ಮಂಡಿ ಹಿಡಿದುಕೊಂಡೇ ಗ್ಯಾರೇಜಿಗೆ ಬರುತ್ತಿದ್ದರು. ಕ್ಲಚ್ ಪ್ಲೇಟೂ ಸವೆದಿತ್ತು, ಅವರ ಮಂಡಿಯೂ ಸವೆದಿತ್ತು. ನಾನೇ ಹೇಳಿದೆ, "ಮೇಡಂ, ಪ್ಲೇಟ್ ನಾನು ಬದಲಿಸುತ್ತೇನೆ, ಮಂಡಿ ಬದಲಿಸುವುದು ನನಗೆ ಬರಲ್ಲ, ಆಟೊಮ್ಯಾಟಿಕ್ ತಗೊಳ್ಳಿ." ಅವರ ಯಜಮಾನರು "ಮೈಲೇಜ್ ಬರಲ್ಲ ಬಿಡಿ" ಅಂದರು. ಆ ಕಾಲ ಹೋಯಿತು ಸಾರ್. 2014ರಲ್ಲಿ ಮಾರುತಿ ಸೆಲೆರಿಯೋ ಜೊತೆ ಎಎಂಟಿ ಬಂದ ಮೇಲೆ ಮೈಲೇಜಿನ ಆ ನೆಪ ನಡೆಯಲ್ಲ. ಒಳಗೆ ಅದೇ ಮ್ಯಾನುಯಲ್ ಬಾಕ್ಸು, ಕ್ಲಚ್ ತುಳಿಯುವುದು ಮಾತ್ರ ಯಂತ್ರ. ಮೈಲೇಜೂ ಹೆಚ್ಚು ಕಡಿಮೆ ಅಷ್ಟೇ. ನಮ್ಮ ಮನೆಯವರೂ ಅಂಥದ್ದೇ ಓಡಿಸುತ್ತಾರೆ. ಅದರ ಗೇರು ಬೀಳುವಾಗ ಒಂದು ತೂಕಡಿಕೆ ಇದೆಯಲ್ಲ, ಅದಕ್ಕೆ ನಾನು ಏನಾದರೂ ಅಂದರೆ, "ಏನ್ರೀ, ಮಾರ್ಕೆಟ್ಟಿಗೆ ಹೋಗೋಕೆ ರೇಸ್ ಕಾರು ಬೇಕಾ?" ಅನ್ನುತ್ತಾರೆ.

ಅದೇ ಸ್ಪೋರ್ಟ್ಸ್ ಕಾರಿಗೆ ಬನ್ನಿ. ಎಲ್ಲಿ ಮ್ಯಾನುಯಲ್‌ಗೆ ಅರ್ಥ ಇದೆಯೋ ಅಲ್ಲಿ ಕೇಳಿದರೂ ಸಿಗಲ್ಲ. 2004ರಲ್ಲಿ ಮ್ಯಾನುಯಲ್ ಇದ್ದ ಆಕ್ಟೇವಿಯಾ ಆರ್‌ಎಸ್, 2017ರಲ್ಲಿ ಬಂದಾಗ ಡಿಎಸ್‌ಜಿ, ಅಂದರೆ ಡ್ಯುಯಲ್ ಕ್ಲಚ್ ಬಾಕ್ಸು, ಮಾತ್ರ. ಗಾಲ್ಫ್ ಜಿಟಿಐ 2025ರಲ್ಲಿ ನಮ್ಮ ದೇಶಕ್ಕೆ ಬಂತು, ಅದೂ ಡಿಎಸ್‌ಜಿ ಮಾತ್ರ. ಅದಕ್ಕಿಂತ ಕಡಿಮೆ ಬೆಲೆಯವರೇ ವಾಸಿ. ಫೋಕ್ಸ್‌ವ್ಯಾಗನ್ ವರ್ಟಸ್ 1.5 ಜಿಟಿಗೆ ಮೊದಲು ಡಿಎಸ್‌ಜಿ ಮಾತ್ರ ಇತ್ತು, 2023ರಲ್ಲಿ ಆರು ಗೇರಿನ ಮ್ಯಾನುಯಲ್ ಕೊಟ್ಟರು. ಅದೇ ವರ್ಷ ಹ್ಯುಂಡೈ ಐ20 ಎನ್ ಲೈನ್‌ಗೂ ಕ್ಲಚ್ ಪೆಡಲ್ ಇರುವ ಸರಿಯಾದ ಮ್ಯಾನುಯಲ್ ಬಂತು. ಇಪ್ಪತ್ತು ಲಕ್ಷದ ಕಾರಿಗೆ ಇರುವ ಆಯ್ಕೆ ಅರವತ್ತು ಲಕ್ಷದ ಕಾರಿಗೆ ಯಾಕಿಲ್ಲ? ಇಲ್ಲಿ ಯಾರೂ ಕೇಳಲ್ಲ ಅನ್ನುತ್ತಾರೆ. ಪಟ್ಟಿಯಲ್ಲೇ ಇಲ್ಲದ್ದನ್ನು ಹೋಟೆಲಿನಲ್ಲಿ ಯಾರು ಆರ್ಡರ್ ಮಾಡುತ್ತಾರೆ?

ರಿಪೇರಿ ವಿಷಯ ನನ್ನ ಹೊಟ್ಟೆಪಾಡಿನ ವಿಷಯ, ಹಾಗಾಗಿ ಜಾಸ್ತಿ ಮಾತಾಡಿದರೆ ಸ್ವಾರ್ಥ ಅನ್ನುತ್ತೀರಿ. ಇಷ್ಟು ಮಾತ್ರ ಹೇಳುತ್ತೇನೆ. ಮ್ಯಾನುಯಲ್ ಕಾರಿಗೆ ಕ್ಲಚ್ ಹೋದರೆ ಬಾಕ್ಸ್ ಇಳಿಸಿ, ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗ್ ಬದಲಿಸಿ ಹತ್ತಿಸಿದರೆ ಮುಗಿಯಿತು. ಹೋಗುವ ಮುಂಚೆ ಅದು ಹೇಳಿಯೂ ಹೋಗುತ್ತದೆ. ವಾಸನೆ ಬರುತ್ತದೆ, ಪೆಡಲ್ ಮೇಲೆ ಬರುತ್ತದೆ, ಏರಿನಲ್ಲಿ ಜಾರುತ್ತದೆ. ಡ್ಯುಯಲ್ ಕ್ಲಚ್ಚಿನ ಮೆಕಾಟ್ರಾನಿಕ್, ಅಂದರೆ ಗೇರು ಕ್ಲಚ್ಚು ಆಡಿಸುವ ಕಂಪ್ಯೂಟರ್ ಮತ್ತು ವಾಲ್ವುಗಳ ಯೂನಿಟ್ಟು, ಕೈಕೊಟ್ಟರೆ ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪ, ಕಾರು ನಿಂತಲ್ಲೇ. ಆಮೇಲೆ ಫ್ಲಾಟ್‌ಬೆಡ್ ಲಾರಿ ಮೇಲೆ ಬೆಂಗಳೂರು. ಒಳಗೆ ಒಂದು ಸಣ್ಣ ವಾಲ್ವ್ ಕೆಟ್ಟಿದ್ದರೂ ಎಷ್ಟೋ ಸಲ ಇಡೀ ಯೂನಿಟ್ಟೇ ಬದಲಿಸುತ್ತಾರೆ. ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಆದರೆ ತಂಪಾಗಿ ಬಾಳುತ್ತದೆ. ಡ್ರೈ ಕ್ಲಚ್ ಆದರೆ ಟ್ರಾಫಿಕ್‌ನಲ್ಲಿ ಇಂಚಿಂಚು ತೆವಳಿಸಬೇಡಿ. ಮುಂದೆ ಜಾಗ ಆಗುವ ತನಕ ಬ್ರೇಕ್ ಒತ್ತಿ ನಿಂತು, ಆಮೇಲೆ ಒಂದೇ ಸಲ ಹೋಗಿ.

ನಿಮ್ಮ ವಾಹನ ಪುಟದವರಿಗೆ ನನ್ನ ಕೋರಿಕೆ ಇಷ್ಟೇ. ಸ್ಪೋರ್ಟ್ಸ್ ಕಾರಿನ ಬಗ್ಗೆ ಬರೆಯುವಾಗ 0–100 ಅಂಕಿ ಹಾಕಿ, ಬೇಡ ಅನ್ನಲ್ಲ. ಅದರ ಪಕ್ಕದಲ್ಲಿ ಆ ಕಾರಿಗೆ ಹೊರದೇಶದಲ್ಲಿ ಮ್ಯಾನುಯಲ್ ಇದೆಯಾ, ಇದ್ದರೆ ಇಲ್ಲಿ ಯಾಕೆ ಕೊಟ್ಟಿಲ್ಲ ಅಂತ ಕಂಪನಿಯನ್ನು ಕೇಳಿ ಅವರ ಉತ್ತರವನ್ನೂ ಹಾಕಿ. ಡ್ಯುಯಲ್ ಕ್ಲಚ್ ಆದರೆ ಡ್ರೈ ಕ್ಲಚ್ಚೋ ಎಣ್ಣೆ ಕ್ಲಚ್ಚೋ ಬರೆಯಿರಿ. ಗೇರ್ ಬಾಕ್ಸ್ ಕೆಟ್ಟರೆ ಮೈಸೂರಲ್ಲೇ ಬಿಚ್ಚುತ್ತಾರಾ, ಬೆಂಗಳೂರಿಗೆ ಹೊರಬೇಕಾ ಅದನ್ನೂ ಬರೆಯಿರಿ. ಕೋಟಿ ಕೊಡುವವನಿಗೆ ಅರ್ಧ ಸೆಕೆಂಡಿಗಿಂತ ಇದು ಮುಖ್ಯ. ಓಡಿಸಿ ನೋಡುವುದನ್ನು ಹೆದ್ದಾರಿಯಲ್ಲಿ ಮಾಡಬೇಡಿ, ಅಲ್ಲಿ 100ರಲ್ಲಿ ಎಲ್ಲಾ ಕಾರೂ ಒಂದೇ. ಚಾಮುಂಡಿ ಬೆಟ್ಟಕ್ಕೆ ಬನ್ನಿ. ಬೆಳಗಿನ ಜಾವ ಮಾತ್ರ ಬೇಡ. ಆ ಹೊತ್ತಿಗೆ ಮೆಟ್ಟಿಲು ಹತ್ತುವವರು ನಂದಿಯ ಹತ್ತಿರ ರಸ್ತೆ ದಾಟುತ್ತಿರುತ್ತಾರೆ.

ಇಂತಿ,
ಜಾವಾ ಫ್ಯಾಕ್ಟರಿಯ ಹಳೇ ಕೆಲಸಗಾರ,
ಮೈಸೂರು